ಮಕ್ಕಳ ಚಾನೆಲ್‌ನವರಿಗೆ ಬೆಟ್ಟಿಂಗ್ ಯಾಕೆ ಬೇಕು?

ಡಿಸ್ನಿ ಕಂಪನಿಗೆ ಸ್ವಂತ ಪ್ರವಾಸಿ ಹಡಗುಗಳಿವೆ. ಅಂಥ ದೊಡ್ಡ ಹಡಗು ಅಂದ್ರೆ ಸಾಮಾನ್ಯವಾಗಿ ಒಳಗೊಂದು ಕ್ಯಾಸಿನೊ ಇರುತ್ತದೆ. ಡಿಸ್ನಿ ಹಡಗಿನಲ್ಲಿ ಇಲ್ಲ. ಮಕ್ಕಳನ್ನು ಕರೆದುಕೊಂಡು ಬರುವ ಜಾಗ, ಇಲ್ಲಿ ಜೂಜು ಬೇಡ ಅನ್ನುವುದು ಅವರು ಮೊದಲಿಂದ ಇಟ್ಟುಕೊಂಡು ಬಂದ ಪದ್ಧತಿ. ಫ್ಲೋರಿಡಾದಲ್ಲಿ ಅವರ ದೊಡ್ಡ ಪಾರ್ಕ್ ಇದೆಯಲ್ಲ, ಆ ರಾಜ್ಯದಲ್ಲಿ ಕ್ಯಾಸಿನೊ ಹೆಚ್ಚಾಗಬಾರದು ಅಂತ ವರ್ಷಗಟ್ಟಲೆ ಹಟ ಹಿಡಿದು ನಿಂತವರು ಅವರು. 2018ರಲ್ಲಿ ಅಲ್ಲಿ ಒಂದು ಜನಮತ ನಡೆಯಿತು, ಹೊಸ ಕ್ಯಾಸಿನೊಗೆ ಒಪ್ಪಿಗೆ ಕೊಡುವ ಅಧಿಕಾರ ಮತದಾರರ ಕೈಯಲ್ಲೇ ಇರಲಿ ಅಂತ. ಅದರ ಪ್ರಚಾರಕ್ಕೆ ಡಿಸ್ನಿ ಕೋಟಿಗಟ್ಟಲೆ ಸುರಿಯಿತು, ಜನಮತ ಗೆದ್ದಿತು ಕೂಡ.

ಅದೇ ಕಂಪನಿ 2023ರ ಆಗಸ್ಟ್‌ನಲ್ಲಿ ತನ್ನ ಕ್ರೀಡಾ ಚಾನೆಲ್ ಹೆಸರಲ್ಲೇ ಬೆಟ್ಟಿಂಗ್ ಆ್ಯಪ್ ಬಿಡಲು ಒಪ್ಪಿಕೊಂಡಿತು. ಇಎಸ್‌ಪಿಎನ್ ಬೆಟ್ ಅಂತ ಅದರ ಹೆಸರು. ಇಎಸ್‌ಪಿಎನ್‌ನಲ್ಲಿ ಆಗ ಡಿಸ್ನಿ ಪಾಲು 80 ಶೇಕಡಾ. ಆ್ಯಪ್ ನಡೆಸುವವರು ಪೆನ್ ಎಂಟರ್‌ಟೇನ್‌ಮೆಂಟ್ ಅನ್ನುವ ಕ್ಯಾಸಿನೊ ಕಂಪನಿ. ಹೆಸರು ಬಳಸಿಕೊಳ್ಳಲು, ಚಾನೆಲ್‌ನಲ್ಲಿ ಪ್ರಚಾರ ಪಡೆಯಲು ಅವರು 10 ವರ್ಷದಲ್ಲಿ 150 ಕೋಟಿ ಡಾಲರ್ ಕೊಡಬೇಕು ಅಂತ ಒಪ್ಪಂದ.

ಈ ನಡುವಿನ ನಾಲ್ಕೈದು ವರ್ಷದಲ್ಲಿ ಏನಾಯಿತು ಅನ್ನುವುದನ್ನು ನಾನು ಸ್ವಲ್ಪ ಕೂತು ಓದಿದೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕ್ರೀಡಾ ಬೆಟ್ಟಿಂಗ್ ತಡೆಯುತ್ತಿದ್ದ 1992ರ ಕಾಯ್ದೆಯನ್ನು ರದ್ದು ಮಾಡಿತು. ಒಂದೊಂದೇ ರಾಜ್ಯ ಬಾಗಿಲು ತೆಗೆಯಿತು. 2019ರ ಫೆಬ್ರವರಿಯಲ್ಲಿ ಡಿಸ್ನಿ ಮುಖ್ಯಸ್ಥ ಬಾಬ್ ಐಗರ್ ಹೂಡಿಕೆದಾರರ ಮುಂದೆ, ಜೂಜಿಗೆ ಅನುಕೂಲ ಮಾಡಿಕೊಡುವ ಕೆಲಸಕ್ಕೆ ನಮ್ಮ ಕಂಪನಿ ಇಳಿಯುವುದು ಕಾಣಿಸುತ್ತಿಲ್ಲ ಎಂಬರ್ಥದ ಮಾತಾಡಿದ್ದರು. 2021ರ ಕೊನೆಯ ಹೊತ್ತಿಗೆ ಕುರ್ಚಿಯಲ್ಲಿ ಬಾಬ್ ಚಾಪೆಕ್ ಇದ್ದರು. ಜೂಜಿನ ಬಗ್ಗೆ ಹತ್ತಿಪ್ಪತ್ತು ವರ್ಷದ ಹಿಂದೆ ಇದ್ದ ಭಾವನೆ ಈಗಿಲ್ಲ, ನಾವು ಅಧ್ಯಯನ ಮಾಡಿಸಿದ್ದೇವೆ, ಬೆಟ್ಟಿಂಗ್ ಸೇರಿದರೆ ಇಎಸ್‌ಪಿಎನ್‌ಗೆ ಬಲ ಬರುತ್ತದೆ, ಡಿಸ್ನಿ ಹೆಸರಿಗೆ ಏನೂ ಆಗುವುದಿಲ್ಲ ಅಂದರು. ಆಮೇಲೆ ಐಗರ್ ಮತ್ತೆ ಬಂದರು, ಅವರ ಕಾಲದಲ್ಲೇ ಒಪ್ಪಂದಕ್ಕೆ ಸಹಿ ಬಿತ್ತು.

ಹೆಸರಿಗೆ ಏನೂ ಆಗುವುದಿಲ್ಲ. ಈ ಮಾತು ನನ್ನನ್ನು ಬಹಳ ಕಾಡಿತು. ಅಷ್ಟು ದೊಡ್ಡ ಕಂಪನಿಯ ಮುಖ್ಯಸ್ಥರು ಹೊರಗೆ ಬಂದು ಹೇಳಿದ ಲೆಕ್ಕ ಹೆಸರಿನದ್ದು. ಆ ಹೆಸರು ನೋಡಿ ನಂಬಿ ಮಗುವಿನ ಕೈಗೆ ರಿಮೋಟ್ ಕೊಟ್ಟ ಅಪ್ಪ ಅಮ್ಮನಿಗೆ ಏನಾಗುತ್ತದೆ, ಮುಂದೆ ಅದೇ ಮಗು ಹದಿನೆಂಟು ದಾಟಿದಾಗ ಏನಾಗುತ್ತದೆ ಅನ್ನುವ ಲೆಕ್ಕವನ್ನು ಯಾರು ಮಾಡಬೇಕು?

ಅಮೆರಿಕದ್ದು ಕಟ್ಟಿಕೊಂಡು ಸಿರ್ಸಿಯವರಿಗೆ, ಕಾರವಾರದವರಿಗೆ ಏನಾಗಬೇಕು ಅಂತ ಕೇಳಬಹುದು. ಆಗಬೇಕಾದ್ದು ಇದೆ. 2019ರ ಮಾರ್ಚ್‌ನಲ್ಲಿ ಡಿಸ್ನಿಯವರು 21ನೇ ಸೆಂಚುರಿ ಫಾಕ್ಸ್‌ನ ಬಹುಪಾಲು ಆಸ್ತಿ ಕೊಂಡುಕೊಂಡರು. ಆ ಒಂದೇ ವ್ಯವಹಾರದಲ್ಲಿ ಡ್ರಾಫ್ಟ್‌ಕಿಂಗ್ಸ್ ಅನ್ನುವ ಅಮೆರಿಕದ ಬೆಟ್ಟಿಂಗ್ ಕಂಪನಿಯ ಒಂದಷ್ಟು ಷೇರು ಅವರ ಕೈಗೆ ಬಂತು, ನಮ್ಮ ಸ್ಟಾರ್ ಇಂಡಿಯಾವೂ ಬಂತು. ಸ್ಟಾರ್ ಅಂದರೆ ಸುವರ್ಣ ಚಾನೆಲ್, ಸ್ಟಾರ್ ಸ್ಪೋರ್ಟ್ಸ್, ಹಾಟ್‌ಸ್ಟಾರ್. 2020ರ ಏಪ್ರಿಲ್‌ನಲ್ಲಿ ಹಾಟ್‌ಸ್ಟಾರ್ ಹೋಗಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆಯಿತು. ಲಾಕ್‌ಡೌನ್ ಕಾಲ, ಶಾಲೆ ಇಲ್ಲ, ಮಕ್ಕಳೆಲ್ಲ ಮನೆಯಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದುಬೈ ಕಡೆ ಐಪಿಎಲ್ ನಡೆಯಿತಲ್ಲ, ಅದಕ್ಕೆ ಮುಖ್ಯ ಪ್ರಾಯೋಜಕರು ಡ್ರೀಮ್ 11. ಚೀನಾ ಗಲಾಟೆಯಲ್ಲಿ ವಿವೋ ಹಿಂದೆ ಸರಿದಿತ್ತು, 222 ಕೋಟಿ ರೂಪಾಯಿ ಕೊಟ್ಟು ಇವರು ಆ ಜಾಗಕ್ಕೆ ಬಂದರು. ಹಾಗಾಗಿ ಮಧ್ಯಾಹ್ನ ಮಿಕ್ಕಿ ಮೌಸ್ ನೋಡಿದ ಅದೇ ಆ್ಯಪ್‌ನಲ್ಲಿ ರಾತ್ರಿ, ದುಡ್ಡು ಹಾಕಿ ಟೀಮ್ ಕಟ್ಟುವ ಕಂಪನಿಯ ಹೆಸರಿರುವ ಪಂದ್ಯಾವಳಿ. ಹೀಗೆ ಟೀಮ್ ಕಟ್ಟುವ ಫ್ಯಾಂಟಸಿ ಆಟ ಬೆಟ್ಟಿಂಗ್ ಅಲ್ಲ, ಅದಕ್ಕೆ ಕೌಶಲ ಬೇಕು ಅಂತ ಕೋರ್ಟುಗಳು ಆಗ ಒಪ್ಪಿದ್ದವು ನಿಜ. ಕಾನೂನಿನ ವಿಷಯ ಬೇರೆ. ಮನೆಯೊಳಗೆ ಅದು ಹೇಗೆ ಇಳಿಯುತ್ತದೆ ಅನ್ನುವುದು ಬೇರೆ.

ಅದು ಹೇಗೆ ಇಳಿಯುತ್ತದೆ ಅಂತ ಹೇಳ್ತೇನೆ. ಸಿರ್ಸಿ ಹತ್ತಿರದ ನನ್ನ ತವರಿನಲ್ಲಿ ಅಣ್ಣನ ಮಗ ಇದ್ದಾನೆ, ಆಗ ಎರಡನೇ ಕ್ಲಾಸು. ಕ್ರಿಕೆಟ್ ಅಂದ್ರೆ ಪ್ರಾಣ. ಒಂದು ಸಂಜೆ ಮ್ಯಾಚ್ ನೋಡುವಾಗ ಓವರ್ ಮುಗಿಯಿತು, ಜಾಹೀರಾತು ಬಂತು, ದೊಡ್ಡ ಆಟಗಾರರು, ಸಿನಿಮಾದವರು, ನಗು, ಗದ್ದಲ. ಅವನು ನನ್ನ ಕಡೆ ತಿರುಗಿ, "ಅತ್ತೆ, ಇದ್ರಲ್ಲಿ ಟೀಮ್ ಮಾಡಿರೆ ದುಡ್ಡು ಬತ್ತಡ, ಹೌದನೇ?" ಅಂದ. ಯಾರು ಹೇಳ್ದ ತಮಾ ಅಂದೆ. "ಟೀವಿಲೇ ಹೇಳ್ತ. ಎಲ್ಲರೂ ಆಡ್ತ್ವಡ" ಅಂದ. ಜಾಹೀರಾತಿನ ಕೊನೆಗೆ ಎಚ್ಚರಿಕೆಯ ಮಾತು ಇತ್ತು, ಇದರಲ್ಲಿ ಹಣ ಕಳೆದುಕೊಳ್ಳುವ ಅಪಾಯ ಇದೆ, ಚಟ ಹತ್ತಬಹುದು, ಜವಾಬ್ದಾರಿಯಿಂದ ಆಡಿ ಅಂತ. ಅದನ್ನು ಓದಿದ ವೇಗಕ್ಕೆ ನನಗೇ ಅರ್ಧ ತಿಳಿಯಲಿಲ್ಲ, ಏಳು ವರ್ಷದವನಿಗೆ ಏನು ತಿಳಿಯಬೇಕು? ಜಾಹೀರಾತು ಉದ್ಯಮದವರೇ ಮಾಡಿಕೊಂಡ ನಿಯಮ 2020ರ ಡಿಸೆಂಬರ್‌ನಿಂದ ಇದೆ. ಆ ಎಚ್ಚರಿಕೆಯನ್ನು ಸಾಮಾನ್ಯ ಮಾತಿನ ವೇಗದಲ್ಲಿ ಹೇಳಬೇಕು, ಹದಿನೆಂಟರ ಒಳಗಿನವರನ್ನು ತೋರಿಸಬಾರದು ಅಂತ. ತೋರಿಸಬಾರದು ಸರಿ. ನೋಡುತ್ತಾ ಕೂತವರಲ್ಲಿ ಹದಿನೆಂಟರ ಒಳಗಿನವರು ಎಷ್ಟು ಮಂದಿ?

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಗೆ ಹೋಗಿದ್ದೆವು. ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ, ಧೂಳು, ಎಲ್ಲ ಇದ್ದ ಹಾಗೇ. ಒಂದು ಬಟ್ಟೆ ಅಂಗಡಿಯ ಮುಂದೆ ಹಗ್ಗಕ್ಕೆ ಸಾಲಾಗಿ ನೀಲಿ ಜೆರ್ಸಿ ನೇತು ಹಾಕಿದ್ದರು. ಭಾರತ ತಂಡದ್ದು. ಎಲ್ಲಕ್ಕಿಂತ ಚಿಕ್ಕದು ಮೂರು ವರ್ಷದ ಮಗುವಿಗೆ ಆಗುವಂಥದ್ದು, ಬೆನ್ನ ಮೇಲೆ ಕೊಹ್ಲಿ 18, ಎದೆಯ ಮೇಲೆ ದೊಡ್ಡದಾಗಿ ಡ್ರೀಮ್ 11. ಹಿಂದಿನ ವರ್ಷ ಜುಲೈನಿಂದ ತಂಡದ ಜೆರ್ಸಿಗೆ ಅವರದ್ದೇ ಹೆಸರಿತ್ತು, 3 ವರ್ಷಕ್ಕೆ 358 ಕೋಟಿ ಒಪ್ಪಂದ. ನಕಲು ಹೊಲಿಯುವವರು ಇದ್ದದ್ದನ್ನು ಇದ್ದ ಹಾಗೇ ಹೊಲಿದಿದ್ದಾರೆ, ಅವರ ತಪ್ಪೇನೂ ಇಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್‌ಗಳ ಅಂಗಿಯ ಮೇಲೆ ಬೆಟ್ಟಿಂಗ್ ಕಂಪನಿ ಹೆಸರಿದ್ದರೂ ಮಕ್ಕಳ ಅಳತೆಯ ಅಂಗಿಯಲ್ಲಿ ಆ ಹೆಸರು ಹಾಕುವಂತಿಲ್ಲ. ದೊಡ್ಡವರ ಅಂಗಿಯ ಮುಂಭಾಗದಲ್ಲೂ ಬೇಡ ಅಂತ 2023ರಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳೇ ಒಪ್ಪಿಕೊಂಡವು, 2025-26ರ ಸೀಸನ್ ಮುಗಿದ ಮೇಲೆ ಅದು ಜಾರಿ. ನಮ್ಮಲ್ಲಿ ಅಷ್ಟೂ ಯೋಚನೆ ಇರಲಿಲ್ಲ.

ನಮ್ಮ ಜಿಲ್ಲೆಗೆ ಜುಗಾರಿ ಹೊಸದಲ್ಲ, ಅದನ್ನು ಮುಚ್ಚಿಡುವುದು ಬೇಡ. ಕೋಳಿ ಅಂಕ ಇತ್ತು, ಇದೆ. ಓಸಿ ಚೀಟಿ ಬರೆಯುವ ಗೂಡಂಗಡಿ ಯಾವ ಪೇಟೆಯಲ್ಲಿಲ್ಲ? ಇವತ್ತಿಗೂ ಪೇಪರಿನ ಜಿಲ್ಲಾ ಪುಟದಲ್ಲಿ ಮಟ್ಕಾ ಕೇಸು ಇರುತ್ತದೆ, ಕಲಂ 78(3), ಇಷ್ಟು ರೂಪಾಯಿ ನಗದು, ಒಂದು ಬಾಲ್ ಪೆನ್ನು ವಶ ಅಂತ. ಬಯಲಾಟ ನಡೆಯುವ ರಾತ್ರಿ ಗದ್ದೆಯ ಆ ಕೊನೆಗೆ ಗುಡಗುಡಿ ಹಾಕಿಕೊಂಡು ಕೂರುವವರಿದ್ದರು, ಚಿತ್ರ ಬರೆದ ಹಾಸು, ಡಬ್ಬಿಯಲ್ಲಿ ಕುಲುಕುವ ದಾಳ, ಸುತ್ತ ಒಂದಷ್ಟು ಗಂಡಸರು. ಆದರೆ ಒಂದು ಮಾತು. ನಾನು ಚಿಕ್ಕವಳಿದ್ದಾಗಿಂದ ನೋಡಿದ ಯಾವ ಮೇಳವೂ ಆ ಗುಡಗುಡಿಯನ್ನು ತನ್ನದು ಅಂತ ಹೇಳಿಕೊಳ್ಳಲಿಲ್ಲ. ಭಾಗವತರು ಪದ್ಯದ ನಡುವೆ ನಿಲ್ಲಿಸಿ, ಈಗ ಬರುವ ಯುದ್ಧದಲ್ಲಿ ಕರ್ಣ ಗೆಲ್ಲುತ್ತಾನೋ ಅರ್ಜುನನೋ, ಹೋಗಿ ದುಡ್ಡು ಕಟ್ಟಿ ಬನ್ನಿ ಅನ್ನಲಿಲ್ಲ. ಮಕ್ಕಳು ಚಾಪೆಯ ಮೇಲೆ ರಂಗಸ್ಥಳದ ಎದುರೇ ಮಲಗುತ್ತಿದ್ದರು. ಗುಡಗುಡಿಗೆ ಹೋಗಬೇಕಾದವನು ಎದ್ದು, ಬೆಳಕು ದಾಟಿ, ಕತ್ತಲೆಯಲ್ಲಿ ನಡೆದು ಹೋಗಬೇಕಿತ್ತು, ಹೋಗುವಾಗ ಯಾರಾದರೂ ಪರಿಚಯದವರು ನೋಡಿಯಾರು ಅನ್ನುವ ಅಂಜಿಕೆಯೂ ಇತ್ತು. ಆ ನಾಲ್ಕು ಹೆಜ್ಜೆ ಎಷ್ಟು ಜನರನ್ನು ಉಳಿಸಿದೆಯೋ ಏನೋ. ಈಗ ಫೋನಿನಲ್ಲಿ ರಂಗಸ್ಥಳವೂ ಅದೇ, ಗುಡಗುಡಿಯೂ ಅದೇ. ಕರೆಯುವವರು ಮೇಳದ ಯಜಮಾನರೇ.

ನನ್ನ ಸಿಟ್ಟು ಇರುವುದು ಇಲ್ಲಿ. ಬೆಟ್ಟಿಂಗ್ ಕಂಪನಿಯವನು ಬೆಟ್ಟಿಂಗ್ ಮಾರುತ್ತಾನೆ, ಅವನ ಬಗ್ಗೆ ನಮಗೆ ಮೊದಲೇ ಗೊತ್ತು, ಹುಷಾರಾಗಿರುತ್ತೇವೆ. ಮಕ್ಕಳ ಕಾರ್ಟೂನ್ ತೋರಿಸಿ, ಹಬ್ಬದ ದಿನ ಮನೆಮಂದಿ ಕೂತು ನೋಡುವ ಸಿನಿಮಾ ತೋರಿಸಿ ದಶಕಗಟ್ಟಲೆ ನಂಬಿಕೆ ಗಳಿಸಿದವರ ವಿಷಯದಲ್ಲಿ ನಾವು ಹುಷಾರಾಗಿರುವುದಿಲ್ಲ. ಬೆಟ್ಟಿಂಗ್ ಕಂಪನಿಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುವುದು ಆ ನಂಬಿಕೆಯನ್ನೇ. ಇಲ್ಲದಿದ್ದರೆ ಪೆನ್ ಕಂಪನಿಗೆ ಅವರದ್ದೇ ಕ್ಯಾಸಿನೊಗಳಿದ್ದವು, ಅವರದ್ದೇ ಆ್ಯಪ್ ಇತ್ತು, ಇಎಸ್‌ಪಿಎನ್ ಹೆಸರಿಗೆ ಅಷ್ಟು ದುಡ್ಡು ಯಾಕೆ ಕೊಡಬೇಕಿತ್ತು?

ಡಿಸ್ನಿ ಒಂದೇ ಅಲ್ಲ. ಅಮೆರಿಕದಲ್ಲಿ ಡೇವ್ ಆ್ಯಂಡ್ ಬಸ್ಟರ್ಸ್ ಅಂತ ಇದೆ, ನಮ್ಮ ಮಾಲ್‌ಗಳಲ್ಲಿ ಮಕ್ಕಳ ಗೇಮಿಂಗ್ ಜಾಗ ಇರುತ್ತದಲ್ಲ ಅಂಥದ್ದೇ, ಊಟವೂ ಸಿಗುತ್ತದೆ. ಚೆಂಡು ಉರುಳಿಸಿ ಪಾಯಿಂಟ್ ಗಳಿಸುವ ಆಟ, ಬಾಸ್ಕೆಟ್‌ಗೆ ಚೆಂಡು ಎಸೆಯುವ ಆಟ. 2024ರ ಏಪ್ರಿಲ್‌ನಲ್ಲಿ ಅವರು, ದೊಡ್ಡವರು ಈ ಆಟಗಳ ಮೇಲೆ ಆ್ಯಪ್‌ನಲ್ಲಿ ಪರಸ್ಪರ ದುಡ್ಡು ಕಟ್ಟಬಹುದು ಅಂತ ಘೋಷಣೆ ಮಾಡಿದರು. ಮಗನನ್ನು ಹುಟ್ಟುಹಬ್ಬಕ್ಕೆ ಕರೆದುಕೊಂಡು ಹೋದ ಜಾಗದಲ್ಲಿ. ಇಂಗ್ಲೆಂಡಿನಲ್ಲಿ ಸ್ಕೈ ಟೀವಿಯವರು ಇದಕ್ಕೂ ಬಹಳ ಮೊದಲೇ ಸ್ಕೈ ಬೆಟ್ ಶುರು ಮಾಡಿದ್ದರು. ಆಮೇಲೆ ಅದನ್ನು ಮಾರಿದರು, ಹೆಸರಲ್ಲಿ ಸ್ಕೈ ಉಳಿದುಕೊಂಡಿತು. ಇದಕ್ಕೆ ತಿರುಗಾಮುರುಗಾ ದಾರಿ ಹಿಡಿದ ಕಂಪನಿಯೂ ಒಂದಿದೆ. ನಿಂಟೆಂಡೊ ಶುರುವಾದದ್ದು 1889ರಲ್ಲಿ, ಜಪಾನಿನ ಕ್ಯೋಟೋದಲ್ಲಿ, ಹನಾಫುಡಾ ಅನ್ನುವ ಹೂವಿನ ಚಿತ್ರದ ಎಲೆ ಮಾಡುವ ಅಂಗಡಿಯಾಗಿ. ಆ ಎಲೆಗಳನ್ನು ಜೂಜುಕಟ್ಟೆಯವರು ಧಾರಾಳವಾಗಿ ಕೊಳ್ಳುತ್ತಿದ್ದರು. ಅಲ್ಲಿಂದ ಹೊರಟು ಮಕ್ಕಳ ಆಟಿಕೆ, ವಿಡಿಯೋ ಗೇಮ್ ಅಂತ ಬಂದು ಮಾರಿಯೋ ತನಕ ಮುಟ್ಟಿದರು. ಅಂದರೆ ಮಕ್ಕಳ ಮನರಂಜನೆಯಿಂದ ಬದುಕಲು ಆಗುವುದಿಲ್ಲ, ಬೆಟ್ಟಿಂಗ್‌ಗೆ ಇಳಿಯದೆ ಗತಿ ಇಲ್ಲ ಅನ್ನುವ ಮಾತು ಸುಳ್ಳು.

ಈಗ ಲೆಕ್ಕಕ್ಕೆ ಬರೋಣ. ಇದು ಗೊತ್ತಿದ್ದರೆ ಅರ್ಧ ಮೋಹ ಇಳಿಯುತ್ತದೆ. ಎರಡು ತಂಡ ಸಮಬಲ ಅಂದುಕೊಳ್ಳಿ. ನ್ಯಾಯವಾಗಿ ನೋಡಿದರೆ 1000 ಕಟ್ಟಿ ಗೆದ್ದವನಿಗೆ 2000 ಬರಬೇಕು. ಆ್ಯಪ್‌ನಲ್ಲಿ ಎರಡೂ ಕಡೆಗೆ 1.90 ಅಂತ ರೇಟ್ ಇಡುತ್ತಾರೆ. ಒಬ್ಬ ಈ ಕಡೆ 1000, ಇನ್ನೊಬ್ಬ ಆ ಕಡೆ 1000 ಕಟ್ಟಿದ. ಯಾರೇ ಗೆಲ್ಲಲಿ, ಗೆದ್ದವನಿಗೆ 1900. ಉಳಿದ 100 ಕಂಪನಿಗೆ. ಮ್ಯಾಚ್ ಏನಾಯಿತು ಅನ್ನುವುದು ಅವರಿಗೆ ಬೇಕಾಗಿಯೇ ಇಲ್ಲ. ಅವರಿಗೆ ಬೇಕಾದ್ದು ನೀವು ಮತ್ತೆ ಮತ್ತೆ ಕಟ್ಟುವುದು, ಆದ್ದರಿಂದ ಮ್ಯಾಚಿಗೆ ಒಂದು ಬೆಟ್ ಅನ್ನುವುದು ಹೋಗಿ ಓವರಿಗೆ ಒಂದು, ಚೆಂಡಿಗೆ ಒಂದು ಅಂತ ಬಂತು. ಮೂರ್ನಾಲ್ಕು ಬೆಟ್ ಒಟ್ಟಿಗೆ ಕಟ್ಟಿ ಎಲ್ಲವೂ ಸರಿಯಾದರೆ ಮಾತ್ರ ದುಡ್ಡು ಅನ್ನುವ ಆಟವೂ ಇದೆ, ಅದನ್ನು ಪಾರ್ಲೇ ಅಂತಾರೆ. ಕಂಪನಿಗೆ ಜಾಸ್ತಿ ಲಾಭ ಅದರಲ್ಲೇ. ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ಲೆಕ್ಕಾಚಾರ ಮಾಡಿ ಸತತವಾಗಿ ಗೆಲ್ಲುವವರು ಸಿಕ್ಕಿದರೆ ಈ ಕಂಪನಿಗಳು ಅವರು ಕಟ್ಟಬಹುದಾದ ಮೊತ್ತವನ್ನೇ ಇಳಿಸಿಬಿಡುತ್ತವೆ. ಸೋಲುವವರಿಗೆ ಬೋನಸ್, ಮೆಸೇಜು, ವಿಶೇಷ ಉಪಚಾರ.

ಚೆಂಡಿಗೊಂದು ಬೆಟ್ ಬಂದ ಮೇಲೆ ಆಟಕ್ಕೂ ಹುಳ ಬೀಳುತ್ತದೆ. ಮ್ಯಾಚ್ ಸೋಲಬೇಕಾಗಿಲ್ಲ, ಒಂದು ಚೆಂಡು ಬೇಕಂತಲೇ ಹೊರಗೆ ಎಸೆದರೆ ಸಾಕು. 2025ರ ನವೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಪಿಚರ್‌ಗಳ, ಅಂದರೆ ಚೆಂಡು ಎಸೆಯುವ ಆಟಗಾರರ ಮೇಲೆ ಇಂಥದ್ದೇ ಆರೋಪ ದಾಖಲಾಯಿತು, ಅದಾದ ಬೆನ್ನಿಗೇ ಒಂದೊಂದು ಎಸೆತದ ಮೇಲಿನ ಬೆಟ್ಟಿಗೆ 200 ಡಾಲರ್ ಮಿತಿ ಹಾಕಿದರು. ನಾವು ದೂರ ಹೋಗಬೇಕಾಗಿಲ್ಲ. 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್, ಅಂದರೆ ಕೆಪಿಎಲ್, ಹಾಳಾದದ್ದು ಇದರಿಂದಲೇ. ನಿಧಾನಕ್ಕೆ ಆಡಲು ದುಡ್ಡು ಪಡೆದ ಆರೋಪದ ಮೇಲೆ ಆಟಗಾರರು, ಬೆಟ್ಟಿಂಗ್ ಆರೋಪದ ಮೇಲೆ ತಂಡದ ಮಾಲೀಕರು ಬಂಧನಕ್ಕೆ ಒಳಗಾದರು. ಟೂರ್ನಿಯೇ ನಿಂತಿತು. ನಮ್ಮ ಕಡೆಯ ಒಬ್ಬ ಹುಡುಗ ಕೆಪಿಎಲ್‌ನಲ್ಲಿ ಅವಕಾಶ ಸಿಗಬಹುದು ಅಂತ ಹುಬ್ಬಳ್ಳಿಗೆ ಹೋಗಿ ರೂಮು ಮಾಡಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ. ಅವನ ವಯಸ್ಸು ಹಾಗೇ ದಾಟಿತು.

ಕರಾವಳಿಯ ಇನ್ನೊಬ್ಬ ಹುಡುಗನ ಕಥೆ ಹೇಳಬೇಕು. ಊರು ಬೇಡ. ಅಪ್ಪ ಪರ್ಸಿನ್ ಬೋಟಿನಲ್ಲಿ ಕೆಲಸ, ಅಮ್ಮ ಮೀನು ಮಾರುತ್ತಾರೆ, ನಮ್ಮ ಮನೆಗೂ ತರುತ್ತಾರೆ. ನಮ್ಮ ಕಡಲಿನ ಲೆಕ್ಕ ನಿಮಗೆ ಗೊತ್ತು, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ, ಆ 61 ದಿನಕ್ಕೆ ಏಪ್ರಿಲ್ ಮೇ ತಿಂಗಳಲ್ಲೇ ದುಡ್ಡು ಕೂಡಿಡಬೇಕು. ಐಪಿಎಲ್ ನಡೆಯುವುದೂ ಅದೇ ಏಪ್ರಿಲ್ ಮೇ. ಹುಡುಗ ಶುರು ಮಾಡಿದ್ದು ಟೀವಿಯಲ್ಲಿ ಬರುವ ಒಂದು ಆ್ಯಪಿನಲ್ಲಿ, 49 ರೂಪಾಯಿಯಿಂದ. ಮೊದಲು ಸ್ವಲ್ಪ ಬಂತು. ಆಮೇಲೆ ಯಾರೋ ಟೆಲಿಗ್ರಾಂ ಗುಂಪಿಗೆ ಸೇರಿಸಿದರು, ಅಲ್ಲಿಂದ ಐಡಿ ಸಿಕ್ಕಿತು. ಐಡಿ ಅಂದರೆ ಹೊರದೇಶದ ಬೆಟ್ಟಿಂಗ್ ಸೈಟಿಗೆ ಲಾಗಿನ್, ವಾಟ್ಸಾಪಿನಲ್ಲಿ ಒಂದು ನಂಬರಿಗೆ ಮೆಸೇಜ್ ಹಾಕಿದರೆ ಕೊಡುತ್ತಾರೆ, ದುಡ್ಡು ಯುಪಿಐನಲ್ಲಿ ಯಾವುದೋ ಊರಿನ ಯಾರದೋ ಖಾತೆಗೆ. ಅಲ್ಲಿ ಸೆಷನ್ ಆಡಿದ, ಆರು ಓವರಿಗೆ ಎಷ್ಟು ರನ್ ಅಂತ. ಅಪ್ಪನ ಫೋನಿನ ಪಿನ್ ಅವನಿಗೆ ಗೊತ್ತಿತ್ತು. ಮೇ ಕೊನೆಗೆ ಬ್ಯಾಂಕಿಗೆ ಹೋದಾಗಲೇ ಮನೆಯವರಿಗೆ ತಿಳಿದದ್ದು. ಅವರಮ್ಮ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ ಕೂತು, "ಮಳೆಗಾಲಕ್ಕೆ ಅಂತ ಇಟ್ಟದ್ದು ಅಕ್ಕಾ, ಎಲ್ಲ ಹೋಯ್ತು. ಸಂಘದ ಕಂತು ಕಟ್ಟೂದು ಹ್ಯಾಗೆ?" ಅಂದರು. ಕೈಯಲ್ಲಿ ಬಂಗುಡೆ ಎಣಿಸುತ್ತಲೇ ಇದ್ದರು, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದರು.

ಅವನು ಕಳ್ಳ ಸೈಟಿನಲ್ಲಿ ಕಳೆದುಕೊಂಡದ್ದು, ಟೀವಿಯವರ ತಪ್ಪೇನು ಅನ್ನಬಹುದು. ನಾನು ಅವನನ್ನೇ ಕೇಳಿದೆ, ಹೆದರಿಕೆ ಆಗಲಿಲ್ವೇನೋ ಮಾರಾಯಾ ಅಂತ. ಎಲ್ಲ ಒಂದೇ ಥರ ಕಾಣುತ್ತದೆ, ಅದೂ ಮ್ಯಾಚಿನಲ್ಲಿ ಬರುತ್ತದಲ್ಲ ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಹೊರದೇಶದ ಸೈಟುಗಳು ನ್ಯೂಸ್ ಅಂತ, ಸ್ಪೋರ್ಟ್ಸ್ ಬ್ಲಾಗ್ ಅಂತ ಅದೇ ಹೆಸರಿನ, ಅದೇ ಬಣ್ಣದ ಸುಳ್ಳು ಅಂಗಡಿ ತೆರೆದು ಜಾಹೀರಾತು ಕೊಡುತ್ತಿದ್ದವು. 2022ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ ಇಂಥ ಜಾಹೀರಾತು ಬೇಡ ಅಂತ ಸೂಚನೆ ಕೊಟ್ಟಿತು, ಅಕ್ಟೋಬರ್‌ನಲ್ಲಿ ಮತ್ತೆ ಕೊಡಬೇಕಾಯಿತು, ಒಂದೊಂದು ಸೈಟಿನ ಹೆಸರನ್ನೇ ಬರೆದು. ಎರಡು ಸಲ ಹೇಳಬೇಕಾದ ಪರಿಸ್ಥಿತಿ ಬಂತು ಅಂದ್ರೆ ಚಾನೆಲ್‌ಗಳು ಎಷ್ಟರ ಮಟ್ಟಿಗೆ ಕೇಳಿಸಿಕೊಂಡಿದ್ದವು ನೋಡಿ.

ಕಾನೂನಿನ ಕಥೆ ಚುರುಕಾಗಿ ಹೇಳಿ ಮುಗಿಸುತ್ತೇನೆ. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ಹೊಡೆದು ಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದಿತು, ಲೋಕಸಭೆ, ರಾಜ್ಯಸಭೆ, ರಾಷ್ಟ್ರಪತಿ ಸಹಿ, ಮೂರೂ ಮೂರು ದಿನದಲ್ಲಿ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಅನ್ನುವುದು ಆಗ ಸರ್ಕಾರ ಕೊಟ್ಟ ಅಂದಾಜು. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ವ್ಯತ್ಯಾಸ ಇದರಲ್ಲಿಲ್ಲ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ, ಅದು ಸರಿಯಾದ ನಿರ್ಧಾರ. ಡ್ರೀಮ್ 11 ದುಡ್ಡಿನ ಸ್ಪರ್ಧೆ ನಿಲ್ಲಿಸಿತು, ಜೆರ್ಸಿ ಒಪ್ಪಂದವೂ ಮುರಿಯಿತು, ಅಲ್ಲೀಗ ಟೈರ್ ಕಂಪನಿಯ ಹೆಸರು. ಕಾಯ್ದೆಯನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿಗೆ ಹೋದ ಕೇಸು ಸುಪ್ರೀಂ ಕೋರ್ಟಿಗೆ ವರ್ಗ ಆಯಿತು.

ಪಕ್ಕದ ಗೋವಾ ನೋಡಿ. ಮಾಂಡೋವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳಿವೆ, ಕಾರವಾರದಿಂದ ಎರಡು ಮೂರು ತಾಸಿನ ದಾರಿ. 21 ತುಂಬದವರಿಗೆ ಪ್ರವೇಶ ಇಲ್ಲ. 2020ರಿಂದ ಗೋವಾದವರಿಗೇ ಪ್ರವೇಶ ಇಲ್ಲ! ತಮ್ಮ ಜನ ಹಾಳಾಗುವುದು ಬೇಡ ಅಂತ ಅಲ್ಲಿಯ ಸರ್ಕಾರವೇ ಕ್ಯಾಸಿನೊ ಬಾಗಿಲಲ್ಲಿ ಗುರುತಿನ ಚೀಟಿ ಕೇಳುವ ಹಾಗೆ ಮಾಡಿದೆ. ಒಳಗೆ ಹೋಗುವವರಲ್ಲಿ ನಮ್ಮ ಕಡೆಯವರೂ ಇದ್ದಾರೆ ಅನ್ನುವುದು ಬೇಸರದ ವಿಷಯ. ಆದರೂ ಅಲ್ಲೊಂದು ಬಾಗಿಲಾದರೂ ಇದೆ. ಫೋನಿಗೆ ಹಾಗೆ ನಿಲ್ಲಿಸಿ ಕೇಳುವವರು ಯಾರು?

ಮನರಂಜನಾ ಕಂಪನಿಗಳ ಪರವಾಗಿ ಇರುವ ಒಂದು ವಾದ ಮಾತ್ರ ನಾನು ತಳ್ಳಿಹಾಕುವುದಿಲ್ಲ. 2023ರಲ್ಲಿ ಜಿಯೋಸಿನಿಮಾ ಐಪಿಎಲ್ ಅನ್ನು ಪುಕ್ಕಟೆ ತೋರಿಸಿತು. ಅಂಕೋಲಾ, ಹೊನ್ನಾವರದ ಹಳ್ಳಿಗಳಲ್ಲಿ ಡಿಶ್ ರೀಚಾರ್ಜ್ ಮಾಡಿಸಲಾಗದ ಮನೆಯ ಮಕ್ಕಳೂ ಫೋನಿನಲ್ಲಿ ಮ್ಯಾಚ್ ನೋಡಿದರು. ಆ ಖುಷಿ ದೊಡ್ಡದು. ಆ ಪುಕ್ಕಟೆಗೆ ದುಡ್ಡು ಎಲ್ಲಿಂದಲೋ ಬರಬೇಕು, ಜಾಹೀರಾತಿನಿಂದಲೇ ಬರಬೇಕು, ದೊಡ್ಡ ಮೊತ್ತ ಕೊಡುತ್ತಿದ್ದವರಲ್ಲಿ ಈ ಆ್ಯಪ್‌ಗಳು ಮುಂದೆ ಇದ್ದವು. ಹಾಗಾದರೆ ಕ್ರಿಕೆಟ್ ಮತ್ತೆ ದುಡ್ಡಿದ್ದವರಿಗೆ ಮಾತ್ರವಾ? ನನ್ನ ಉತ್ತರ, ಆ ಬಡ ಮನೆಯ ಮ್ಯಾಚಿನ ಖರ್ಚನ್ನು ಇನ್ನೊಂದು ಬಡ ಮನೆಯ ಮಳೆಗಾಲದ ದುಡ್ಡಿನಿಂದ ತೀರಿಸುವುದು ಬೇಡ. ಟೈರು, ಸಿಮೆಂಟು, ಸಾಬೂನು, ಬೈಕು ಮಾರುವವರು ಇದ್ದಾರೆ. ಕಡಿಮೆ ಬಂದರೆ ಹಕ್ಕಿನ ಬೆಲೆಯೇ ಸ್ವಲ್ಪ ಇಳಿಯಲಿ, ಆಟಗಾರರ ಹರಾಜಿನ ಮೊತ್ತ ಇಳಿಯಲಿ. ಆಟಕ್ಕೆ ಅದರಿಂದ ಏನೂ ಆಗುವುದಿಲ್ಲ.

ಇಎಸ್‌ಪಿಎನ್ ಬೆಟ್ ಏನಾಯಿತು ಅಂತ ಹೇಳಲಿಲ್ಲ. ಎಣಿಸಿದಷ್ಟು ಗಿರಾಕಿಗಳು ಬರಲಿಲ್ಲ. 2025ರ ನವೆಂಬರ್‌ನಲ್ಲಿ ಪೆನ್ ಮತ್ತು ಇಎಸ್‌ಪಿಎನ್ 10 ವರ್ಷದ ಒಪ್ಪಂದವನ್ನು ಎರಡೇ ವರ್ಷಕ್ಕೆ ಮುಗಿಸಿದರು. ಅಷ್ಟಕ್ಕೆ ಬಿಟ್ಟರಾ ಅಂದ್ರೆ ಇಲ್ಲ, ಅದೇ ದಿನ ಇಎಸ್‌ಪಿಎನ್ ಡ್ರಾಫ್ಟ್‌ಕಿಂಗ್ಸ್ ಜೊತೆ ಕೈಜೋಡಿಸಿತು. ಒಂದು ಸಲ ಆ ದುಡ್ಡಿನ ರುಚಿ ಕಂಡವರು ತಾವಾಗಿ ಹಿಂದೆ ಬರುವುದು ಕಷ್ಟ. ನಮ್ಮಲ್ಲಿ ಹಾಟ್‌ಸ್ಟಾರ್ ಈಗ ರಿಲಯನ್ಸ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಗಿದೆ, ಕ್ರಿಕೆಟ್ಟೂ ಅಲ್ಲೇ, ಮಕ್ಕಳ ಕಾರ್ಯಕ್ರಮವೂ ಅಲ್ಲೇ. ನಾಳೆ ಸುಪ್ರೀಂ ಕೋರ್ಟ್ ಏನಾದರೂ ಕಾಯ್ದೆ ಸಡಿಲ ಮಾಡಿದರೆ ಮೊದಲ ಜಾಹೀರಾತು ಎಲ್ಲಿ ಬರುತ್ತದೆ ಅಂತ ಯೋಚಿಸಿ. ಆಗಲೂ ನಾವು ತೆಗೆದುಕೊಳ್ಳುವುದಿಲ್ಲ ಅಂತ ಈ ಕಂಪನಿಗಳು ಈಗಲೇ ಬಾಯಿಬಿಟ್ಟು ಹೇಳಬೇಕು. ಹೇಳಿ ಅಂತ ಚಂದಾ ಕಟ್ಟುವ ನಾವು ಕೇಳಬೇಕು, ಅವರ ದೂರು ವಿಭಾಗಕ್ಕೆ ಒಂದು ಮೇಲ್ ಹಾಕುವುದು ಐದು ನಿಮಿಷದ ಕೆಲಸ. ನಾನು ಹಾಕಿದ್ದೇನೆ.

ಇನ್ನು ನಮ್ಮ ಊರಿನ ಮಟ್ಟಿಗೆ. ದೀಪಾವಳಿ ಮುಗಿದ ಮೇಲೆ ಮಳೆಗಾಲದ ತನಕ ನಮ್ಮಲ್ಲಿ ವಾರಕ್ಕೊಂದು ಟೂರ್ನಮೆಂಟ್, ಹೊನಲು ಬೆಳಕಿನ ಕಬಡ್ಡಿ, 30 ಗಜದ ಕ್ರಿಕೆಟ್, ವಾಲಿಬಾಲ್. ಕಮಿಟಿಯವರಿಗೆ ಬಹುಮಾನಕ್ಕೆ, ಲೈಟಿಗೆ ದುಡ್ಡು ಬೇಕು, ಯಾರು ಕೊಟ್ಟರೂ ಬ್ಯಾನರ್ ಕಟ್ಟುತ್ತಾರೆ. ಯೂಟ್ಯೂಬ್ ಲೈವ್ ಬೇರೆ ಇರುತ್ತದೆ, ಅದರ ಕೆಳಗೆ ಓಡುವ ಪಟ್ಟಿಯಲ್ಲಿ ಐಡಿ ಕೊಡುವವರ ವಾಟ್ಸಾಪ್ ನಂಬರ್ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಮ್ಮ ಯುವಕ ಸಂಘದವರಿಗೆ ಕಾಯ್ದೆಯ ಆ ಪುಟ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ, ಜಾಹೀರಾತು ಮಾಡಲು ಸಹಾಯ ಮಾಡಿದವರಿಗೂ ಅದು ಅನ್ವಯ ಅಂತ ಗೆರೆ ಎಳೆದು. ಅಧ್ಯಕ್ಷರು ಓದಿ, ಈ ಸಲ ಲೈವ್ ಮಾಡುವವರ ಹತ್ತಿರ ಮೊದಲೇ ಬರೆಸಿಕೊಳ್ಳುತ್ತೇವೆ ಅಂದಿದ್ದಾರೆ. ನಿಮ್ಮೂರಿನ ಕಮಿಟಿಗೂ ಬೇಕಾದರೆ ಹೇಳಿ, ಅದೇ ಪುಟ ಕಳಿಸುತ್ತೇನೆ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆ ದೂರಿಗೆ ಇರುವ ನಂಬರ್ ಅದು. ಮನೆಯ ಹುಡುಗ ಇದರಲ್ಲಿ ಸಿಕ್ಕಿಬಿದ್ದು ಮಾತು ಬಿಟ್ಟಿದ್ದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೀನಿನ ಅಕ್ಕನ ಮಗನಿಗೂ ಅದೇ ನಂಬರ್ ಕೊಟ್ಟೆ. ಮೊದಲು ಬೇಡ ಅಂದಿದ್ದ, ಆಮೇಲೆ ಅವನೇ ಮಾಡಿದ. ಆಗಸ್ಟ್‌ನಲ್ಲಿ ಬೋಟು ಇಳಿದಾಗ ಅಪ್ಪನ ಜೊತೆ ಅವನೂ ಹೋದ, ಸಂಘದ ಸಾಲ ಇನ್ನೂ ತೀರಿಲ್ಲ.